ಕಲ್ಲಂಗಡಿಯ ದೀಪ

ಬೇಸಗೆಯ ರಜದಲ್ಲಿ ಮನೆಗೆ ನೆಂಟರು ಬರುವುದು, ಮಕ್ಕಳು ಗುಂಪುಗೂಡುವುದು, ಸಂಜೆಯ ಹೊತ್ತು ಅಂಗಳದಲ್ಲಿಯೋ ತಾರಸಿಯ ಮೇಲೆಯೋ ಹತ್ತು ಜನ ಸೇರಿ ಫಲಾಹಾರ ಮಾಡುವುದು, ಇವೆಲ್ಲ ನಮಗೆ ಪರಿಚಿತವಾದ ಸಂಗತಿಗಳು. ಇಂಥ ಕೂಟಗಳಿಗೆ ತಪ್ಪದೆ ಬರುವ ಅತಿಥಿಯೆಂದರೆ ಕಲ್ಲಂಗಡಿ ಹಣ್ಣು. ಅದನ್ನು ಹೋಳುಮಾಡಿ ತಿನ್ನುತ್ತೇವೆ, ಬೀಜವನ್ನು ಉಗುಳುತ್ತೇವೆ, ಸಿಪ್ಪೆಯನ್ನು ಹಸುವಿಗೆ ಹಾಕುತ್ತೇವೆ, ಇಲ್ಲವೆ ಕಸದ ಬುಟ್ಟಿಗೆ ಎಸೆಯುತ್ತೇವೆ. ಅಲ್ಲಿಗೆ ಅದರ ಕಥೆ ಮುಗಿಯಿತೆಂದು ನಮ್ಮ ಭಾವನೆ. ಈ ಸಂಜೆ ನಾನು ಹೇಳಬೇಕೆಂದಿರುವುದು ಅಲ್ಲಿಂದ ಮುಂದಿನ ಕಥೆಯನ್ನು. ತಿರುಳನ್ನು ತಿಂದ ಮೇಲೆ ಉಳಿಯುವ ಆ ಹಸುರು ಬುರುಡೆಯನ್ನು ಕೊರೆದು, ಅದರೊಳಗೆ ದೀಪವನ್ನಿಟ್ಟು, ಬೇಸಗೆಯ ಒಂದು ರಾತ್ರಿಯನ್ನು ಅಲಂಕರಿಸುವ ವಿಚಾರವೇ ಇಂದಿನ ನನ್ನ ವಿಷಯ.

ಇಂಥ ಅಲ್ಪ ವಿಷಯವನ್ನು ಆರಿಸಿಕೊಂಡದ್ದಕ್ಕೆ ಕೆಲವರು ನಗಬಹುದು. ಕಾಲೇಜಿನಲ್ಲಿ ಪಾಠ ಹೇಳತಕ್ಕವನು ಕಾವ್ಯವನ್ನೋ ಚರಿತ್ರೆಯನ್ನೋ ಬಿಟ್ಟು ಹಣ್ಣಿನ ಸಿಪ್ಪೆಯ ಮಾತನ್ನು ಏಕೆ ತೆಗೆದನೆಂದು ಕೇಳಬಹುದು. ಅದಕ್ಕೆ ನನ್ನ ಉತ್ತರವಿಷ್ಟೆ. ಕಾವ್ಯದ ವಿಚಾರವನ್ನು ನಾನು ಪುಸ್ತಕದಿಂದ ಕಲಿತೆ. ಈ ಸಿಪ್ಪೆಯ ವಿಚಾರವನ್ನೂ ಮೊದಲು ಪುಸ್ತಕದಿಂದಲೇ ಕಲಿತು, ಅನಂತರ ಕೈಯಿಂದ ಮಾಡಹೋಗಿ ಸೋತೆ. ಆ ಸೋಲಿನಿಂದ ನನಗೆ ತಿಳಿದುಬಂದುದನ್ನು ತಮ್ಮ ಮುಂದಿಡಬೇಕೆಂಬುದೇ ಈ ಭಾಷಣದ ಉದ್ದೇಶ.

ಹಣ್ಣಿನಲ್ಲಿಯೋ ಹಿಟ್ಟಿನಲ್ಲಿಯೋ ದೀಪವನ್ನು ಹಚ್ಚುವುದು ನಮಗೆ ಹೊಸದಲ್ಲ. ನಿಂಬೆಯ ಹೋಳನ್ನು ಹಿಂಡಿ, ಸಿಪ್ಪೆಯ ಒಳಮೈ ಹೊರಗಾಗುವಂತೆ ತಿರುಗಿಸಿ, ಬತ್ತಿಯನ್ನಿಟ್ಟು ದೇವಿಯ ಗುಡಿಯಲ್ಲಿ ಹಚ್ಚುವ ಹೆಂಗಸರನ್ನು ಮಂಗಳವಾರ ಶುಕ್ರವಾರಗಳಲ್ಲಿ ತಾವೆಲ್ಲ ನೋಡಿದ್ದೀರಿ. ಅಕ್ಕಿಯ ಹಿಟ್ಟಿಗೆ ಬೆಲ್ಲವನ್ನು ಕಲಸಿ ಮಾಡುವ ತಂಬಿಟ್ಟಿನ ಆರತಿ ಹಳೆಯ ಮೈಸೂರಿನ ಗ್ರಾಮದೇವತೆಗಳ ಹಬ್ಬದಲ್ಲಿ ಇಂದಿಗೂ ಉಂಟು. ಆಯುಧಪೂಜೆಯ ದಿನ ಬೂದುಗುಂಬಳದ ಕಾಯಿಗೆ ತೂತುಮಾಡಿ, ಒಳಗೆ ಕುಂಕುಮವನ್ನು ತುಂಬಿ, ಮೇಲೆ ಕರ್ಪೂರವನ್ನು ಹಚ್ಚಿ, ದೃಷ್ಟಿ ತೆಗೆದು ಬೀದಿಯಲ್ಲಿ ಒಡೆಯುತ್ತಾರೆ. ಈ ಮೂರರಲ್ಲಿಯೂ ಒಂದು ಸಾಮ್ಯವುಂಟು. ದೀಪದ ಪಾತ್ರೆ ಆ ಹೊತ್ತಿಗಾಗಿಯೇ ಹುಟ್ಟಿ, ಆ ಹೊತ್ತಿನೊಡನೆಯೇ ಮುಗಿಯುತ್ತದೆ. ಅದನ್ನು ಬೆಳಗಿ ತೊಳೆದು ಬೀರುವಿನಲ್ಲಿ ಎತ್ತಿಡುವ ಪ್ರಶ್ನೆಯೇ ಇಲ್ಲ. ಆದರೆ ಇವುಗಳಲ್ಲೆಲ್ಲ ಜ್ಯೋತಿಯು ಪಾತ್ರೆಯ ಮೇಲೆ ಉರಿಯುತ್ತದೆ. ಜ್ಯೋತಿಯನ್ನು ಒಳಗಿಟ್ಟು, ಹಣ್ಣಿನ ಗೋಡೆಯನ್ನೇ ಬೆಳಕಿನ ತೆರೆಯನ್ನಾಗಿ ಮಾಡಿಕೊಳ್ಳುವ ವಿದ್ಯೆಯನ್ನು ನೋಡಬೇಕಾದರೆ ನಾವು ಚೀನಾ ದೇಶಕ್ಕೆ ಹೋಗಬೇಕು.

ಕಲ್ಲಂಗಡಿಯು ಚೀನಾದ ಸ್ವಂತ ಹಣ್ಣಲ್ಲ. ಅದರ ತವರು ಈಶಾನ್ಯ ಆಫ್ರಿಕ. ನೈಲ್ ನದಿಯ ದಡದ ಪ್ರಾಚೀನ ಈಜಿಪ್ಟರು ಅದನ್ನು ಬಲ್ಲವರಾಗಿದ್ದರು. ೧೯೨೨ರಲ್ಲಿ ಬೆಳಕಿಗೆ ಬಂದ ತೂತಾಂಖಾಮೆನ್ ದೊರೆಯ ಗೋರಿಯಲ್ಲಿ ಕೂಡ ಕಲ್ಲಂಗಡಿಯ ಬೀಜಗಳು ದೊರೆತವು. ನಾವು ಇಂದು ತಿನ್ನುವ ಸಿಹಿಯಾದ ಕೆಂಪು ಹಣ್ಣಿಗೆ ಅತ್ಯಂತ ಸಮೀಪದ ಬಂಧುವೆಂದರೆ ಸೂಡಾನಿನ ಕೊರ್ಡೊಫಾನ್ ಸೀಮೆಯ, ಬಿಳಿಯ ತಿರುಳಿನ ಒಂದು ಕಾಯಿಯೆಂದು ೨೦೨೧ರಲ್ಲಿ ಪ್ರಕಟವಾದ ಒಂದು ಸಂಶೋಧನೆ ತೋರಿಸಿತು. ಅಲ್ಲಿಂದ ಹೊರಟ ಬಳ್ಳಿ ಭರತಖಂಡಕ್ಕೂ ಮಧ್ಯ ಏಷ್ಯಕ್ಕೂ ಹಬ್ಬಿ, ಹತ್ತನೆಯ ಶತಮಾನದ ಹೊತ್ತಿಗೆ ಚೀನಾದ ಉತ್ತರದ ಸೀಮೆಯನ್ನು ಮುಟ್ಟಿತ್ತು. ಚೀನೀಯರು ಅದಕ್ಕೆ ಇಟ್ಟ ಹೆಸರು ಷಿಗುವಾ, ಎಂದರೆ ಪಡುವಣ ದಿಕ್ಕಿನ ಕಾಯಿ. ದಕ್ಷಿಣದ ಸುಂಗ್ ಅರಸರ ರಾಯಭಾರಿಯಾಗಿ ಉತ್ತರ ದೇಶಕ್ಕೆ ಹೋಗಿ, ಅಲ್ಲಿ ಹಲವು ವರ್ಷ ತಡೆಹಿಡಿಯಲ್ಪಟ್ಟು, ೧೧೪೩ರಲ್ಲಿ ಬಿಡುಗಡೆಹೊಂದಿದ ಹುಂಗ್ ಹಾವ್ ಎಂಬ ಅಧಿಕಾರಿ, ತಾನು ಹಿಂದಿರುಗುವಾಗ ಈ ಹಣ್ಣನ್ನು ತನ್ನ ನಾಡಿಗೆ ತಂದುದಾಗಿ ಬರೆದಿಟ್ಟಿದ್ದಾನೆ. ಅಷ್ಟು ವರ್ಷಗಳ ಸೆರೆಯಿಂದ ಬಂದವನು ಊರಿಗೆ ತಂದ ಉಡುಗೊರೆ ಒಂದು ಬಳ್ಳಿಯ ಬೀಜ!

ಆ ಬಳ್ಳಿ ಯಾಂಗ್‌ಟ್ಸೆ ನದಿಯ ಬಯಲಿನಲ್ಲಿ ಬೇರೂರಿ, ಆರು ಶತಮಾನಗಳ ತರುವಾಯ ಯಾಂಗ್‌ಜೌ ಪಟ್ಟಣದಲ್ಲಿ ದೀಪವಾಯಿತು. ಚೀನಾದ ಮಹಾಕಾಲುವೆ ಯಾಂಗ್‌ಟ್ಸೆಯನ್ನು ಸಂಧಿಸುವ ಸ್ಥಳದ ಬಳಿಯಿರುವ ಈ ಪಟ್ಟಣ ಹದಿನೆಂಟನೆಯ ಶತಮಾನದಲ್ಲಿ ಉಪ್ಪಿನ ವರ್ತಕರ ಐಶ್ವರ್ಯದಿಂದ ಮೆರೆಯಿತು. ಅವರು ತೋಟಗಳನ್ನು ನಿರ್ಮಿಸಿದರು; ಚಿತ್ರಿಸಿದ ದೋಣಿಗಳಲ್ಲಿ ವಿಹಾರ ಮಾಡಿದರು; ಅಡಿಗೆಯನ್ನು ಒಂದು ಶಾಸ್ತ್ರವಾಗಿ ಬೆಳೆಸಿದರು. ಆ ವೈಭವವನ್ನು ಕಣ್ಣಾರೆ ಕಂಡ ಲೀ ದೌ ಎಂಬಾತ ೧೭೯೫ರಲ್ಲಿ ಪಟ್ಟಣದ ವೃತ್ತಾಂತವೊಂದನ್ನು ಪ್ರಕಟಿಸಿದನು. ಕಲ್ಲಂಗಡಿಯ ಸಿಪ್ಪೆಯ ಮೇಲೆ ಮನುಷ್ಯರ, ಹೂವುಗಳ, ಹುಳುಮೀನುಗಳ ರೂಪಗಳನ್ನು ಕೊರೆಯುವ ವಿನೋದವನ್ನು ಆತ ಅದರಲ್ಲಿ ಹೇಳಿದ್ದಾನೆ. ಆಗಲೇ ಅದಕ್ಕೆ ಕಲ್ಲಂಗಡಿ ದೀಪವೆಂದು ಹೆಸರಿತ್ತು. ಯಾಂಗ್‌ಜೌ ಮೂರು ಕತ್ತಿಗಳಿಗೆ ಪ್ರಸಿದ್ಧವೆಂದು ಚೀನೀಯರಲ್ಲಿ ಒಂದು ಮಾತುಂಟು: ಅಡಿಗೆಯವನ ಕತ್ತಿ, ಕ್ಷೌರಿಕನ ಕತ್ತಿ, ಪಾದಗಳ ಆಣಿಯನ್ನು ತೆಗೆಯುವವನ ಕತ್ತಿ. ನಮ್ಮ ದೀಪವು ಈ ಮೂರರಲ್ಲಿ ಮೊದಲನೆಯ ಕತ್ತಿಯ ಕೂಸು. ಶಿಲ್ಪಿಯ ಉಳಿಯಿಂದ ಹುಟ್ಟದೆ ಅಡಿಗೆಯ ಮನೆಯಲ್ಲಿ ಹುಟ್ಟಿದ ಶಿಲ್ಪವಿದು.

ಆ ಕುಶಲರು ಅನುಸರಿಸುವ ವಿಧಾನಗಳು ಮುಖ್ಯವಾಗಿ ಮೂರು. ಹೊರಗಿನ ಹಸುರು ಚರ್ಮವನ್ನು ಮಾತ್ರ ಹೆರೆದು, ಕೆಳಗಿನ ಬಿಳುಪಿನಲ್ಲಿ ಚಿತ್ರ ಕಾಣುವಂತೆ ಮಾಡುವುದು ಮೊದಲನೆಯದು. ಸಿಪ್ಪೆಯನ್ನು ಪೂರ್ತಿಯಾಗಿ ಕೊರೆದು ಕಿಂಡಿಗಳನ್ನು ಮಾಡುವುದು ಎರಡನೆಯದು. ಮೂರನೆಯದು ಬಹು ಕಷ್ಟಸಾಧ್ಯವಾದುದು. ಸಿಪ್ಪೆಯಲ್ಲಿ ಒಂದಕ್ಕೊಂದು ಸಿಕ್ಕಿಕೊಂಡ ಬಳೆಗಳಂತೆ ಗೆರೆಗಳನ್ನು ಕೊಯ್ದು, ಕೆಲವು ಕಡೆ ಬಿಡಿಸಿ, ಕೆಲವು ಕಡೆ ಅಂಟಿಕೊಂಡಿರುವಂತೆ ಬಿಡುತ್ತಾರೆ. ಆಮೇಲೆ ಮೆಲ್ಲಗೆ ಎಳೆದರೆ ಸಿಪ್ಪೆಯ ಒಂದು ಭಾಗ ಹಣ್ಣಿನಿಂದ ಹೊರಕ್ಕೆ ಬಂದು, ಆ ಕೊಂಡಿಗಳಿಂದಲೇ ತೂಗಿಕೊಂಡು ನಿಲ್ಲುತ್ತದೆ. ಅಂಟಿಲ್ಲ, ದಾರವಿಲ್ಲ, ಮೊಳೆಯಿಲ್ಲ. ಒಂದು ಗೆರೆ ತಪ್ಪಿದರೆ ಕೊಂಡಿ ಕಳಚಿ ಎಲ್ಲವೂ ಕೈಗೆ ಬರುತ್ತದೆ.

ಪಾಶ್ಚಾತ್ಯ ದೇಶಗಳಲ್ಲಿಯೂ ಇದರ ದಾಯಾದಿಗಳುಂಟು. ಐರ್ಲೆಂಡ್ ಮತ್ತು ಸ್ಕಾಟ್ಲೆಂಡುಗಳಲ್ಲಿ ಅಕ್ಟೋಬರ್ ತಿಂಗಳ ಕೊನೆಯ ರಾತ್ರಿ ಟರ್ನಿಪ್ ಗೆಡ್ಡೆಯನ್ನು ಟೊಳ್ಳುಮಾಡಿ, ವಿಕಾರವಾದ ಮುಖವನ್ನು ಕೊರೆದು, ಒಳಗೆ ದೀಪವಿಡುತ್ತಿದ್ದರು. ಸ್ವಿಟ್ಸರ್ಲೆಂಡಿನ ಜ್ಯೂರಿಕ್ ಸರೋವರದ ದಡದಲ್ಲಿರುವ ರಿಕ್ಟರ್ಸ್‌ವಿಲ್ ಎಂಬ ಊರಿನಲ್ಲಿ ನವೆಂಬರ್ ತಿಂಗಳಲ್ಲಿ ಅಂಥದೇ ಗೆಡ್ಡೆಗಳ ಸಾವಿರಾರು ದೀಪಗಳ ಮೆರವಣಿಗೆ ಈಗಲೂ ನಡೆಯುತ್ತದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಐರ್ಲೆಂಡಿನಿಂದ ಅಮೆರಿಕಕ್ಕೆ ವಲಸೆ ಹೋದವರಿಗೆ ಅಲ್ಲಿ ದೊಡ್ಡ ದೊಡ್ಡ ಕುಂಬಳಕಾಯಿಗಳು ಸುಲಭವಾಗಿ ಸಿಕ್ಕಿದವು; ಗೆಡ್ಡೆಗಿಂತ ಕುಂಬಳವನ್ನು ತೋಡುವುದು ಎಷ್ಟೋ ಹಗುರವಾದ ಕೆಲಸ. ಅಮೆರಿಕನ್ನರು ಅದೇ ಕೈಕೆಲಸವನ್ನು ಚಳಿಯ ಹಬ್ಬದಿಂದ ಬೇಸಗೆಯ ಕೂಟಕ್ಕೂ ತಂದುಕೊಂಡಿದ್ದಾರೆ. ಜುಲೈ ೪ರ ಸ್ವಾತಂತ್ರ್ಯದಿನದಂತಹ ಸಂದರ್ಭದಲ್ಲಿ ಹಿತ್ತಿಲ ಔತಣದ ಮೇಜಿನ ಮೇಲೆ ನಕ್ಷತ್ರಗಳನ್ನು ಕೊರೆದ ಕಲ್ಲಂಗಡಿಯ ದೀಪಗಳು ಕುಳಿತಿರುವುದುಂಟು. ಅವರ ಕುಂಬಳ ಹೆದರಿಸುವುದಕ್ಕಾಗಿ ಹುಟ್ಟಿತು. ಅವರ ಕಲ್ಲಂಗಡಿ ನೆಂಟರನ್ನು ನಗಿಸುವುದಕ್ಕಾಗಿ.

ಇಷ್ಟನ್ನೂ ಓದಿ ತಿಳಿದುಕೊಂಡಿದ್ದ ನಾನು, ಕೆಲವು ವರ್ಷಗಳ ಹಿಂದೆ ಒಂದು ಮೇ ತಿಂಗಳಲ್ಲಿ, ಮನೆಗೆ ಬಂದಿದ್ದ ಮಕ್ಕಳ ಮುಂದೆ ನನ್ನ ಪಾಂಡಿತ್ಯವನ್ನು ಪ್ರದರ್ಶಿಸಲು ಹೊರಟೆ. ದೊಡ್ಡ ಹಣ್ಣೊಂದು ಬಂತು. ನನ್ನ ಒಂಬತ್ತು ವರ್ಷದ ಮಗಳು ನವಿಲನ್ನು ಕೊರೆಯಬೇಕೆಂದಳು. ನಾನು ಮೇಲ್ಭಾಗವನ್ನು ನೆಟ್ಟಗೆ ಕೊಯ್ದು ಮುಚ್ಚಳ ಮಾಡಿದೆ. ಅದು ಒಳಕ್ಕೆ ಬಿತ್ತು. ಹಣ್ಣು ಉರುಳದಿರಲೆಂದು ಬುಡವನ್ನು ಕತ್ತರಿಸಿದೆ. ರಸವೆಲ್ಲ ಜಮಖಾನದ ಮೇಲೆ ಹರಿಯಿತು. ನವಿಲಿನ ಕೊರಳನ್ನು ಸುತ್ತಿ ಚಾಕುವನ್ನು ತಿರುಗಿಸುತ್ತಿದ್ದಂತೆ ಕೊರಳು ಮುರಿದು ಕೈಗೆ ಬಂತು. ಮಕ್ಕಳು ಮೌನವಾಗಿದ್ದರು. ಅದು ಗೌರವದ ಮೌನವಾಗಿರಲಿಲ್ಲ.

ನಮ್ಮ ಸೋದರತ್ತೆ ಆಗ ನಮ್ಮ ಮನೆಯಲ್ಲಿದ್ದರು. ಐವತ್ತು ವರ್ಷ ಮದುವೆ ಮುಂಜಿಗಳಲ್ಲಿ ರಾಶಿ ರಾಶಿ ಕುಂಬಳವನ್ನೂ ಹಲಸನ್ನೂ ಹೆಚ್ಚಿ ಪಳಗಿದ ಕೈ ಅವರದು. ಚೀನಾದ ಹೆಸರನ್ನಷ್ಟೇ ಕೇಳಿದ್ದವರು. ಅಡಿಗೆಯ ಮನೆಯ ಬಾಗಿಲಲ್ಲಿ ನಿಂತು ಸ್ವಲ್ಪ ಹೊತ್ತು ನೋಡಿ, "ಅಲ್ಲವೋ ಮಗು, ಚಾಕುವನ್ನು ಯಾಕೋ ಹಾಗೆ ಸುತ್ತಿಸ್ತೀಯೆ? ಚಾಕು ಇದ್ದ ಕಡೆ ಇರಲಿ, ಹಣ್ಣನ್ನು ತಿರುಗಿಸು" ಎಂದರು. ಬಂದು ಕುಳಿತು, ಚಾಕುವನ್ನು ಹಿಡಿದ ಕೈಯನ್ನು ಮಂಡಿಗೆ ಊರಿ, ಎಡಗೈಯಿಂದ ಹಣ್ಣನ್ನು ಮೆಲ್ಲಗೆ ತಿರುಗಿಸಿದರು. ಗೆರೆ ತಾನಾಗಿಯೇ ದುಂಡಗೆ ಬಂತು. ನಾನು ಓದಿದ್ದ ಯಾವ ಬರೆಹದಲ್ಲಿಯೂ ಈ ಮಾತಿರಲಿಲ್ಲ. ಮರುದಿನ ಇನ್ನೊಂದು ಹಣ್ಣನ್ನು ತಂದೆವು. ಅಂದು ಅವರಿಂದ ಕಲಿತುದನ್ನೂ, ಆಮೇಲಿನ ಬೇಸಗೆಗಳಲ್ಲಿ ನಾವೇ ಕಂಡುಕೊಂಡುದನ್ನೂ ಕ್ರಮವಾಗಿ ಹೇಳುತ್ತೇನೆ.

ಮೊದಲು ಹಣ್ಣಿನ ಆಯ್ಕೆ. ಹಣ್ಣು ಗುಂಡಗಿರಬೇಕು, ೪ರಿಂದ ೫ ಕಿಲೋ ತೂಕ ಸಾಕು. ಅಂಗಡಿಯ ನೆಲದ ಮೇಲಿಟ್ಟು ನೋಡಿ, ಹೆಚ್ಚು ಹೊರಳದೆ ನಿಲ್ಲುವುದನ್ನು ಕೊಳ್ಳಬೇಕು. ಷುಗರ್ ಬೇಬಿಯಂತಹ ಕರಿಹಸುರು ಜಾತಿಯಲ್ಲಿ ಕೊರೆದ ಗೆರೆ ಕರಿಯ ಹಲಗೆಯ ಮೇಲಿನ ಸೀಮೆಸುಣ್ಣದಂತೆ ಎದ್ದು ಕಾಣುತ್ತದೆ. ಬೆಂಗಳೂರಿನ ತೋಟಗಾರಿಕಾ ಸಂಶೋಧನ ಸಂಸ್ಥೆಯವರು ಬೆಳೆಸಿಕೊಟ್ಟ ಅರ್ಕ ಮಾಣಿಕ್‌ನಂತಹ ಪಟ್ಟೆಯ ಹಣ್ಣಾದರೆ, ಆ ಪಟ್ಟೆಗಳನ್ನೇ ಎಲೆಯನ್ನಾಗಿಯೋ ಅಲೆಯನ್ನಾಗಿಯೋ ಉಪಯೋಗಿಸಿಕೊಳ್ಳಬಹುದು. ಹಣ್ಣು ನೆಲಕ್ಕೆ ತಾಗಿದ್ದ ಕಡೆ ಹಳದಿಯ ಮಚ್ಚೆಯೊಂದಿರುತ್ತದೆ. ಅದು ಹಣ್ಣು ಬಳ್ಳಿಯಲ್ಲೇ ಬಲಿತುದರ ಗುರುತು. ತಿನ್ನುವುದಕ್ಕೆ ಒಳ್ಳೆಯದು, ಚಿತ್ರಕ್ಕಲ್ಲ. ಅದನ್ನು ಹಿಂದುಗಡೆಗೆ ಬಿಡಬೇಕು.

ಕೊಯ್ಯುವ ಮೊದಲು ಹಣ್ಣನ್ನು ಚೆನ್ನಾಗಿ ತೊಳೆದು ಒರೆಸತಕ್ಕದ್ದು. ಸಿಪ್ಪೆಯನ್ನು ತಿನ್ನುವುದಿಲ್ಲವೆಂದು ಇದನ್ನು ಉಪೇಕ್ಷಿಸಬಾರದು. ಹೊರಗಿನ ಕೊಳೆ ಚಾಕುವಿನೊಡನೆ ತಿರುಳಿಗೆ ಇಳಿಯುತ್ತದೆ. ಬುಡವು ಸಮನಾಗಿ ಕೂರದಿದ್ದರೆ ತೆಳ್ಳನೆಯ ಒಂದು ಬಿಲ್ಲೆಯಷ್ಟನ್ನು ಹೆರೆಯಬೇಕು. ಬಿಳುಪು ಕಾಣುತ್ತಲೇ ನಿಲ್ಲಿಸಬೇಕು. ಕೆಂಪು ಕಂಡರೆ ಮಿತಿಮೀರಿತೆಂದು ಅರ್ಥ. ಮುಚ್ಚಳವನ್ನು ತೊಟ್ಟಿನ ಸುತ್ತ ಕೊಯ್ಯುವಾಗ ಚಾಕುವಿನ ಮೊನೆ ಹಣ್ಣಿನ ನಡುವಿನ ಕಡೆಗೆ ಓರೆಯಾಗಿರಬೇಕು. ಆಗ ಮುಚ್ಚಳದ ಕೆಳಭಾಗ ಕಿರಿದಾಗಿ, ಮೇಲ್ಭಾಗ ಅಗಲವಾಗಿ, ಒಳಕ್ಕೆ ಬೀಳದೆ ಕೂರುತ್ತದೆ. ಒಂದು ಕಡೆ ಸಣ್ಣದಾಗಿ ಕಚ್ಚು ಮಾಡಿದರೆ ಮುಚ್ಚಳವನ್ನು ಮತ್ತೆ ಅದೇ ಹೊಂದಿಕೆಯಲ್ಲಿ ಕೂರಿಸಬಹುದು.

ತಿರುಳನ್ನು ದೊಡ್ಡ ಚಮಚದಿಂದ ತೋಡುವ ಕೆಲಸವನ್ನು ಮಕ್ಕಳಿಗೆ ಬಿಡಬೇಕು. ಇದಕ್ಕಿಂತ ಸಂತೋಷದ ಉದ್ಯೋಗ ಅವರಿಗೆ ಬೇರೊಂದಿಲ್ಲ. ತೋಡಿದ ತಿರುಳನ್ನು ಅಂದೇ ಮುಗಿಸಬೇಕು. ಕೊಯ್ದ ಕಲ್ಲಂಗಡಿಯನ್ನು ಬೇಸಗೆಯ ಸೆಕೆಯಲ್ಲಿ ಹೊರಗೆ ಇಟ್ಟುಕೊಳ್ಳುವುದು ಆರೋಗ್ಯಕ್ಕೆ ಒಳ್ಳೆಯದಲ್ಲ. ನಿಂಬೆಯ ರಸ, ಮೆಣಸಿನ ಪುಡಿ ಬೆರೆಸಿದರೆ ನೆಂಟರಿಗೆ ಪಾನಕವಾಯಿತು. ಒಳಗೋಡೆಯನ್ನು ಸುಮಾರು ಅರ್ಧ ಅಂಗುಲದ ದಪ್ಪಕ್ಕೆ ತರಬೇಕು. ಚಿತ್ರ ಬರುವ ಕಡೆ ಇನ್ನೂ ಸ್ವಲ್ಪ ತೆಳ್ಳಗಾಗಬಹುದು. ಆಮೇಲೆ ಬುರುಡೆಯನ್ನು ಅರ್ಧ ಗಂಟೆ ಬೋರಲಾಗಿ ಇಟ್ಟು ನೀರು ಬಸಿಯಬೇಕು. ಮಂಗಳೂರು ಉಡುಪಿಗಳ ಕಡೆ ಇದನ್ನು ಬಚ್ಚಂಗಾಯಿ ಎನ್ನುತ್ತಾರೆ. ಆ ಸೀಮೆಯ ಗೃಹಿಣಿಯರು ಇದರ ಬಿಳಿಯ ಸಿಪ್ಪೆಯಿಂದ ದೋಸೆ ಹೊಯ್ಯುತ್ತಾರೆ. ಆದ್ದರಿಂದ ಹೆರೆದು ತೆಗೆದ ಬಿಳುಪನ್ನೂ ಎಸೆಯಬೇಕಾಗಿಲ್ಲ.

ಇನ್ನು ಚಿತ್ರ. ಅದನ್ನು ಕಾಗದದ ಮೇಲೆ ಬರೆದು, ಹಣ್ಣಿಗೆ ಒತ್ತಿ ಹಿಡಿದು, ಗೆರೆಯುದ್ದಕ್ಕೂ ಗುಂಡುಸೂಜಿಯಿಂದ ಚುಚ್ಚಿ, ಕಾಗದವನ್ನು ತೆಗೆದು, ಅಕ್ಕಿಯ ಹಿಟ್ಟನ್ನು ಸವರಿದರೆ ಹಸುರಿನ ಮೇಲೆ ಬಿಳಿಯ ಚುಕ್ಕೆಗಳು ಸಾಲಾಗಿ ನಿಲ್ಲುತ್ತವೆ. ಇದು ರಂಗೋಲಿಯನ್ನು ಬಲ್ಲ ಮನೆಗೆ ಹೇಳಿಕೊಡಬೇಕಾದ ವಿದ್ಯೆಯಲ್ಲ. ಮನಸ್ಸಿನಲ್ಲಿಡಬೇಕಾದ ನಿಯಮ ಒಂದೇ: ಪೂರ್ತಿಯಾಗಿ ಕೊರೆಯುವ ಕಿಂಡಿಗಳ ನಡುವೆ ಸಿಪ್ಪೆಯ ಸೇತುವೆಗಳು ಉಳಿದಿರಬೇಕು. ಸುತ್ತಲೂ ಕಿಂಡಿ ಬಂದ ಭಾಗ ದ್ವೀಪವಾಗಿ ಕಳಚಿ ಬೀಳುತ್ತದೆ. ನನ್ನ ನವಿಲು ಕೊರಳನ್ನು ಕಳೆದುಕೊಂಡದ್ದು ಹೀಗೆಯೇ. ನಡುವಿನ ಸಣ್ಣ ಕಿಂಡಿಗಳನ್ನು ಮೊದಲು ಕೊರೆದು, ಅಂಚಿನ ದೊಡ್ಡವನ್ನು ಕೊನೆಗೆ ಇಟ್ಟುಕೊಳ್ಳಬೇಕು. ಪ್ರತಿಯೊಂದು ಕಿಂಡಿಯಿಂದಲೂ ಗೋಡೆಯ ಬಲ ಕುಂದುತ್ತ ಹೋಗುತ್ತದೆ.

ಈ ಕಲೆಯ ಜೀವಾಳವಿರುವುದು ಎಷ್ಟು ಕೊಯ್ಯಬೇಕೆಂಬುದರಲ್ಲಲ್ಲ, ಎಲ್ಲಿ ನಿಲ್ಲಬೇಕೆಂಬುದರಲ್ಲಿ. ಕೊಯ್ಯದ ಹಸುರಿನ ಮೂಲಕ ಬೆಳಕು ಬಹುಮಟ್ಟಿಗೆ ಹೊರಕ್ಕೆ ಬಾರದು. ಪೂರ್ತಿಯಾಗಿ ಕೊಯ್ದ ಕಡೆ ಜ್ಯೋತಿಯೇ ಕಣ್ಣಿಗೆ ಚುಚ್ಚುತ್ತದೆ. ಈ ಎರಡರ ನಡುವೆ, ಹಸುರು ಚರ್ಮವನ್ನು ಮಾತ್ರ ತೆಗೆದು ಬಿಳುಪನ್ನು ಉಳಿಸಿದ ಕಡೆ, ಆ ಬಿಳುಪು ಬೆಳಕನ್ನು ಎಲ್ಲ ದಿಕ್ಕಿಗೂ ಚೆದರಿಸಿ, ಮಸಕುಗಾಜಿನಂತೆ ತಾನೇ ಹೊಳೆಯುತ್ತದೆ. ಬಿಳುಪನ್ನು ಸ್ವಲ್ಪ ಹೆಚ್ಚು ಹೆರೆದರೆ ಹೊಳಪು ಹೆಚ್ಚು. ಕಡಮೆ ಹೆರೆದರೆ ಹೊಳಪು ಮಂದ. ಒಳಗೆ ಕೆಂಪು ತಿರುಳಿನ ತೆಳುವಾದ ಪೊರೆಯೊಂದನ್ನು ಬಿಟ್ಟಿದ್ದರೆ ಅದೇ ಬೆಳಕು ಗುಲಾಬಿಯ ಬಣ್ಣಕ್ಕೆ ತಿರುಗುತ್ತದೆ. ಹೀಗೆ ಒಂದೇ ಸಿಪ್ಪೆಯಲ್ಲಿ ಕತ್ತಲು, ನಸುಬೆಳಕು, ಹೊಂಬೆಳಕು, ಉರಿಬೆಳಕು ಎಲ್ಲವೂ ಸಿಕ್ಕುತ್ತವೆ. ಯಾಂಗ್‌ಜೌವಿನ ಅಡಿಗೆಯವರು ಹಸುರನ್ನು ಅಷ್ಟು ಎಚ್ಚರಿಕೆಯಿಂದ ಹೆರೆಯುವುದರ ಮರ್ಮವೇನೆಂಬುದು ನನಗೆ ಗೊತ್ತಾದುದು, ನನ್ನ ಮಗಳು ಕೈ ಸೋತು ಅರ್ಧಕ್ಕೆ ನಿಲ್ಲಿಸಿದ ಒಂದು ಎಲೆಯು ಉಳಿದೆಲ್ಲ ಎಲೆಗಳಿಗಿಂತ ಚೆನ್ನಾಗಿ ಹೊಳೆದಾಗ.

ಎಚ್ಚರಿಕೆಯ ಮಾತು ಎರಡುಂಟು. ಕಲ್ಲಂಗಡಿಯ ಸಿಪ್ಪೆ ಒದ್ದೆಯಾದರೆ ಸಾಬೂನಿನಂತೆ ಜಾರುತ್ತದೆ. ಹಣ್ಣನ್ನು ಮಡಿಸಿದ ದಪ್ಪ ಬಟ್ಟೆಯ ಮೇಲಿಟ್ಟು, ಕೈಯನ್ನು ಆಗಾಗ ಒರೆಸಿಕೊಂಡು, ಅಲಗಿನ ಎದುರಿಗೆ ಇನ್ನೊಂದು ಕೈ ಬಾರದಂತೆ ನೋಡಿಕೊಳ್ಳಬೇಕು. ಸಣ್ಣ ಮಕ್ಕಳು ತೋಡಲಿ, ಚುಚ್ಚಲಿ, ಹಿಟ್ಟು ಸವರಲಿ. ಚಾಕು ದೊಡ್ಡವರ ಕೈಯಲ್ಲಿರಲಿ. ಎರಡನೆಯದು ದೀಪದ ವಿಚಾರ. ಮೇಣದ ಬತ್ತಿಯನ್ನಾಗಲಿ ಹಣತೆಯನ್ನಾಗಲಿ ಇಡುವುದಾದರೆ ಮುಚ್ಚಳದಲ್ಲಿ ಹೊಗೆ ಹೋಗಲು ಕಿಂಡಿಯೂ, ಹಿಂದುಗಡೆ ಕೆಳಗೆ ಗಾಳಿ ಬರಲು ಕಿಂಡಿಯೂ ಇರಬೇಕು. ಇಲ್ಲದಿದ್ದರೆ ಜ್ಯೋತಿ ಕ್ಷಣದಲ್ಲಿ ನಂದುತ್ತದೆ. ತೆಂಗಿನ ಗರಿಯ ಚಪ್ಪರ, ಕಿಟಕಿಯ ಪರದೆ, ಮಕ್ಕಳ ಲಂಗ ಇವುಗಳಿಂದ ದೂರವಿಡಬೇಕು. ತೂಗುಹಾಕುವುದಾದರೆ ಬ್ಯಾಟರಿಯಿಂದ ಉರಿಯುವ ಪುಟ್ಟ ಎಲ್.ಇ.ಡಿ. ದೀಪವೇ ಸರಿ. ಜ್ಯೋತಿಯ ಕುಣಿತ ಅದಕ್ಕಿಲ್ಲವಾದರೂ ಕಾವು ಇ‌ಲ್ಲದಿರುವುದರಿಂದ ಸಿಪ್ಪೆ ಬೇಗ ಬಾಡದು.

ಆ ದಿನ ಸಂಜೆ ನಾವು ತಾರಸಿಯ ಮೇಲಿನ ವಿದ್ಯುದ್ದೀಪಗಳನ್ನೆಲ್ಲ ಆರಿಸಿದೆವು. ಅತ್ತೆಯವರು ಹಣತೆಯನ್ನು ಹಚ್ಚಿ ಒಳಗಿಟ್ಟು ಮುಚ್ಚಳವನ್ನು ಕೂರಿಸಿದರು. ಹಗಲಿನಲ್ಲಿ ಕೇವಲ ಗೀರುಗಳಾಗಿ ಕಂಡಿದ್ದುದು ನವಿಲಾಯಿತು. ಅದರ ಗರಿಗಳು ಜ್ಯೋತಿಯೊಡನೆ ಅಲುಗಿದವು. ಅಷ್ಟು ಹೊತ್ತು ಗದ್ದಲ ಮಾಡುತ್ತಿದ್ದ ಹತ್ತು ಮಕ್ಕಳು ಸುತ್ತಲೂ ಕುಳಿತು ಸುಮ್ಮನೆ ನೋಡಿದರು.

ಆದರೆ ಕಲ್ಲಂಗಡಿಯಲ್ಲಿ ನೂರಕ್ಕೆ ತೊಂಬತ್ತು ಭಾಗಕ್ಕೂ ಹೆಚ್ಚು ನೀರು. ಸಿಪ್ಪೆಯಲ್ಲಿಯೂ ನೀರೇ ಅಧಿಕ. ಗೆರೆಗಳ ಅಂಚಿನಿಂದ ಅದು ಆರುತ್ತಿದ್ದಂತೆ ಚಿತ್ರ ಮುದುಡುತ್ತದೆ. ಒದ್ದೆಯ ಬಟ್ಟೆಯಲ್ಲಿ ಸುತ್ತಿ ಶೀತಪೆಟ್ಟಿಗೆಯಲ್ಲಿಟ್ಟರೆ ಒಂದೆರಡು ದಿನ ತಡೆಯಬಹುದು; ಅದಕ್ಕೆ ಮೇಲಿಲ್ಲ. ಮೂರನೆಯ ದಿನ ನಮ್ಮ ನವಿಲು ಕುಸಿದು ಹುಳಿ ನಾರಲಾರಂಭಿಸಿತು. ಮಗಳು ಅತ್ತಳು. "ಅಪ್ಪ, ಇದನ್ನ ಇಟ್ಟುಕೊಳ್ಳೋದಕ್ಕೆ ಆಗೋದೇ ಇಲ್ವಾ?" ಎಂದು ಕೇಳಿದಳು. ನಾನು ಸೌಂದರ್ಯದ ನಶ್ವರತೆಯನ್ನು ಕುರಿತು, ಇಂಗ್ಲಿಷ್ ಕವಿಗಳ ಬೆಂಬಲದೊಡನೆ, ನಾಲ್ಕು ಮಾತು ಹೇಳಿದೆ. ಅವಳ ಅಳು ಹೆಚ್ಚಾಯಿತು. ಅತ್ತೆಯವರು ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು, "ಹೋದರೆ ಹೋಗಲಿ ಬಿಡೇ, ಬರೋ ವರ್ಷ ನೀನೇ ಮಾಡುವೆಯಂತೆ. ಮೊದಲು ಏನು ಮಾಡಿದೆವು ಹೇಳು ನೋಡೋಣ" ಎಂದರು. ಮಗು ಕಣ್ಣೊರೆಸಿಕೊಂಡು ತೊಳೆದುದರಿಂದ ಮೊದಲುಮಾಡಿ ಹೇಳುತ್ತ ಹೋಯಿತು. ಮರೆತ ಕಡೆ ಅವರು ತಿದ್ದಿದರು. ಅದು ಮುಗಿಯುವ ಹೊತ್ತಿಗೆ ಅಳು ನಿಂತಿತ್ತು. ಕುಸಿದ ಬುರುಡೆಯನ್ನು ಅವಳೇ ಎತ್ತಿಕೊಂಡುಹೋಗಿ ಬಾಳೆಯ ಬುಡಕ್ಕೆ ಹಾಕಿ ಬಂದಳು.

ಈ ಪ್ರಸಂಗವನ್ನು ನೆನೆದಾಗಲೆಲ್ಲ ನನಗೆ ಐರ್ಲೆಂಡಿನ ಒಂದು ವಸ್ತು ನೆನಪಾಗುತ್ತದೆ. ಆಗಲೇ ಹೇಳಿದ ಟರ್ನಿಪ್ ಗೆಡ್ಡೆಯ ದೀಪಗಳಲ್ಲಿ ಒಂದನ್ನು ಡೊನಿಗಾಲ್ ಸೀಮೆಯ ಫಿನ್‌ಟೌನ್ ಎಂಬ ಹಳ್ಳಿಯ ಶಾಲೆಯ ಉಪಾಧ್ಯಾಯಿನಿಯೊಬ್ಬರು ೧೯೪೩ರಲ್ಲಿ ಆ ದೇಶದ ರಾಷ್ಟ್ರೀಯ ವಸ್ತುಸಂಗ್ರಹಾಲಯಕ್ಕೆ ಒಪ್ಪಿಸಿದರು. ತಮ್ಮ ಸೀಮೆಯಲ್ಲಿ ಅಂಥ ದೀಪದ ನೆನಪು ಉಳಿದಿದ್ದರೂ ಅದನ್ನು ಮಾಡುವವರು ಯಾರೂ ಉಳಿದಿಲ್ಲವೆಂಬುದೇ ಅವರು ಕೊಟ್ಟ ಕಾರಣ. ಗೆಡ್ಡೆ ಶಿಥಿಲವಾಗುತ್ತಿದ್ದುದರಿಂದ ಸಂಗ್ರಹಾಲಯದವರು ಅದರ ಅಚ್ಚನ್ನು ತೆಗೆದು ಜಿಪ್ಸಮ್ ಗಾರೆಯಲ್ಲಿ ಎರಕಹೊಯ್ದರು. ಆ ಗಾರೆಯ ಮುಖವನ್ನು ಇಂದಿಗೂ ಜನ ನೋಡುತ್ತಾರೆ. ಹಲ್ಲು ಕಿರಿದ, ಕಣ್ಣು ಗುಳಿಬಿದ್ದ ಆ ಮುಖ ನೋಡುವವರ ಮೈ ನಡುಗಿಸುವಂತಿದೆ. ಆ ಉಪಾಧ್ಯಾಯಿನಿ ಮಾಡಿದ ಕಾರ್ಯಕ್ಕೆ ನಾವು ಕೃತಜ್ಞರಾಗಿರಬೇಕು. ಆದರೂ ಅಲ್ಲಿ ಉಳಿದಿರುವುದು ದೀಪದ ಆಕಾರವೇ ಹೊರತು ದೀಪವಲ್ಲ. ಆ ಗೆಡ್ಡೆಯನ್ನು ತೋಡಿದವನು ಚಾಕುವನ್ನು ಹೇಗೆ ಹಿಡಿದಿದ್ದನು, ಯಾವ ಕಡೆಯಿಂದ ಆರಂಭಿಸಿದನು, ಗೋಡೆ ಎಷ್ಟು ತೆಳ್ಳಗಾದಾಗ ಕೈಯನ್ನು ತಡೆದನು, ಇದನ್ನು ಗಾರೆ ಹೇಳಲಾರದು.

ಕಲ್ಲಿನಲ್ಲಿ ಕಡೆದ ಬೇಲೂರಿನ ಮದನಿಕೆಯರನ್ನು ಶಿಲ್ಪಿಯು ಸತ್ತ ಎಂಟು ನೂರು ವರ್ಷಗಳ ಮೇಲೆಯೂ ನೋಡಬಹುದು. ಶಿಲ್ಪವೇ ಶಿಲ್ಪಿಯನ್ನು ಕಾಪಾಡುತ್ತದೆ. ತಂಬಿಟ್ಟಿನ ಆರತಿಗೂ ರಂಗೋಲಿಗೂ ಕಲ್ಲಂಗಡಿಯ ದೀಪಕ್ಕೂ ಆ ಭಾಗ್ಯವಿಲ್ಲ. ಒಬ್ಬರು ಪಕ್ಕದಲ್ಲಿ ಕುಳಿತು ಇನ್ನೊಬ್ಬರಿಗೆ ಹೇಳಿಕೊಡುವವರೆಗೆ ಅವು ಇರುತ್ತವೆ. ನಮ್ಮಂಥ ಓದುಬರಹ ಬಲ್ಲವರು, ಬರೆದಿಟ್ಟರೆ ಎಲ್ಲವೂ ಉಳಿಯುತ್ತದೆಂದು ನಂಬಿ, ಕೈಕೆಲಸವನ್ನು ಅಡಿಗೆಯ ಮನೆಗೆ ಬಿಟ್ಟು ಬಂದೆವು. ಔತಣಕ್ಕೆ ಬೇಕಾದ ಅಲಂಕಾರವನ್ನು ಅಂಗಡಿಯಿಂದ ಕೊಳ್ಳುತ್ತೇವೆ. ಮದುವೆಯ ಊಟದ ಮನೆಯಲ್ಲಿ ಬಾಡಿಗೆಯ ಕುಶಲನು ವಧೂವರರ ಹೆಸರನ್ನು ಕೊರೆದಿಟ್ಟ ಕಲ್ಲಂಗಡಿಯನ್ನು ನೋಡಿ ತಲೆದೂಗಿ ಮುಂದೆ ಹೋಗುತ್ತೇವೆ. ಅದು ತಪ್ಪೆಂದು ನಾನು ಹೇಳುವುದಿಲ್ಲ. ನಮ್ಮ ಮಕ್ಕಳು ಅದನ್ನು ನೋಡುವುದರ ಜೊತೆಗೆ ಒಮ್ಮೆಯಾದರೂ ಮಾಡಿ ಕೆಡಿಸಲಿ ಎಂದು ಮಾತ್ರ ಹೇಳುತ್ತೇನೆ. ಕೆಟ್ಟರೆ ನಷ್ಟವೇನು? ಹಣ್ಣನ್ನು ಹೇಗೂ ತಿಂದಾಗಿದೆ.

ನಮ್ಮ ಸೋದರತ್ತೆಯವರು ತೀರಿಕೊಂಡು ಎರಡು ವರ್ಷವಾಯಿತು. ಕಳೆದ ಬೇಸಗೆಯಲ್ಲಿ ನಾನು ಕೊಠಡಿಯಲ್ಲಿ ಉತ್ತರಪತ್ರಿಕೆಗಳನ್ನು ತಿದ್ದುತ್ತಿದ್ದಾಗ, ಹೊರಗೆ ಜಗಲಿಯ ಮೇಲೆ ನನ್ನ ಮಗಳು ಪಕ್ಕದ ಮನೆಯ ಹುಡುಗನಿಗೆ ಹೇಳುತ್ತಿದ್ದುದು ಕಿವಿಗೆ ಬಿತ್ತು: "ಹಾಗಲ್ಲ ಕಣೋ. ಚಾಕು ಇದ್ದ ಕಡೆ ಇರಲಿ, ಹಣ್ಣನ್ನು ತಿರುಗಿಸು." ಎದ್ದು ಹೋಗಿ ನೋಡಿದೆ. ಚಾಕು ಹಿಡಿದ ಕೈಯನ್ನು ಅವಳು ಮಂಡಿಗೆ ಊರಿಕೊಂಡಿದ್ದಳು.

ಈ ಬೇಸಗೆಯಲ್ಲಿ ತಾವು ಕಲ್ಲಂಗಡಿಯನ್ನು ಕೊಳ್ಳಲು ಹೋದಾಗ, ಹಣ್ಣನ್ನು ತಟ್ಟಿ ನೋಡುವುದರ ಜೊತೆಗೆ ಒಮ್ಮೆ ನೆಲದ ಮೇಲಿಟ್ಟು, ಅದರ ಬುಡ ಸಮನಾಗಿ ಕೂರುತ್ತದೆಯೇ ಎಂಬುದನ್ನೂ ನೋಡಿ ತನ್ನಿರಿ.